ಒತ್ತಿ ಹಿಡಿದರೆ

ನಾರಿನ್ ಊರಿನ ಶಾಲೆ. ಒಂದೇ ದಿನದ ತರಬೇತಿ.
ಬಿಷ್ಕೆಕ್‌ನಿಂದ ನಾನು ಹೊತ್ತು ತಂದದ್ದು
ಹದಿನಾಲ್ಕು ಟ್ಯಾಬ್ಲೆಟ್ಟು. ಬಂದವರು ಹದಿನೇಳು ಮಂದಿ.

ಕಲ್ಲಿದ್ದಲ ಒಲೆಯ ಪಕ್ಕದ ಬೆಂಚನ್ನು
ಯಾರೂ ಹೇಳದೆ ಬುರುಲ್ಚಾ ಎಜೆಗೆ ಬಿಟ್ಟುಕೊಟ್ಟರು.
ಮೂವತ್ತೊಂದು ವರ್ಷ ಗಣಿತ;
ಕೋಣೆಯ ಅರ್ಧ ಜನ ಆಕೆಗೇ ಮಗ್ಗಿ ಒಪ್ಪಿಸಿದವರು.

"ಮುಟ್ಟಿ" ಎಂದೆ.
ಮುಟ್ಟಿದರು. ಪರದೆ ಮಿಸುಕಲಿಲ್ಲ.
ಮತ್ತೆ ಮುಟ್ಟಿದರು, ಬಾಗಿಲು ತಟ್ಟುವ ಹಾಗೆ.
ಸೀಮೆಸುಣ್ಣ ಹೀರಿ ಹೀರಿ ಬತ್ತಿದ ತೋರುಬೆರಳು,
ಚಳಿಗೆ ಬಿರಿದ ತುದಿ, ಗೆರೆಗಳೆಲ್ಲ ಸವೆದು ನುಣುಪು.
ಅದು ಬೆರಳೆಂದೇ ಗಾಜಿಗೆ ತಿಳಿಯಲಿಲ್ಲ.
ನನ್ನ ಕೈಪಿಡಿಯಲ್ಲಿ ಇದಕ್ಕೊಂದು ಪುಟವಿರಲಿಲ್ಲ.

ಆಕೆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡರು,
ಉತ್ತರಪತ್ರಿಕೆ ಮಗುಚುವವರ ಹಾಗೆ.
ಪರದೆ ಬೆಳಗಿತು.
"ಪಾಪ, ಬಾಯಾರಿಕೆ ಇದಕ್ಕೆ" ಅಂದರು.

ಮಧ್ಯಾಹ್ನ ಕೀಲಿಮಣೆ.
'ಜಾಙಿ ಸಾಬಕ್', ಹೊಸ ಪಾಠ, ಎಂದು ಬರೆಯಹೊರಟವರು
'ಜಾ' ಆದಮೇಲೆ ನಿಂತೇಬಿಟ್ಟರು.
ನಮ್ಮ ಙ ಎಲ್ಲಿ?
"ನ ಮೇಲೆ ಒತ್ತಿ ಹಿಡಿಯಿರಿ. ಬಿಡಬೇಡಿ."
ಕೋಳಿಯ ರೆಕ್ಕೆಯಡಿಯಿಂದ ಮರಿ ಇಣುಕಿದಂತೆ
ಒಂದಕ್ಷರದ ಬುಡದಿಂದ ಇನ್ನೊಂದು ಎದ್ದು ಬಂತು.
ಎಜೆ ಒತ್ತಿ, ಹಿಡಿದು, ಬಿಟ್ಟು, ಒತ್ತಿ
ಸಾಲಿಡೀ ಙ ತುಂಬಿದರು, ಬೇರೇನೂ ಬರೆಯದೆ.
"ನಾನು ಫ್ರೂಂಜೆಯಲ್ಲಿ ಓದುವಾಗ
ಈ ಅಕ್ಷರ ಇರುವ ಮಾತನ್ನು
ಬಸ್ಸಿನಲ್ಲಿ ಗಟ್ಟಿಯಾಗಿ ಆಡುತ್ತಿರಲಿಲ್ಲ."
ಒಲೆಯಲ್ಲಿ ಇದ್ದಲು ಕುಸಿಯಿತು. ನಾನು ಗಡಿಯಾರ ನೋಡಿದೆ.

ಕೊನೆಗೆ ಭಿನ್ನರಾಶಿ.
ಅರ್ಧಕ್ಕೆ ಮೂರನೇ ಒಂದು ಕೂಡಿಸಿ
ಐದರಲ್ಲಿ ಎರಡು ಎಂದು ಬೇಕೆಂದೇ ತಪ್ಪು ಬರೆದೆ;
ಎಡಕ್ಕೆ ಬಾಗಿದ ಬಾಣ ಒತ್ತಿದೆ.
ನೋಡಿ, ಹೋಯಿತು. ಕಲೆಯಿಲ್ಲ, ಧೂಳಿಲ್ಲ.

"ಎಲ್ಲಿಗೆ?" ಅಂದರು ಎಜೆ.
"ಅಳಿಸಿಹೋಯಿತು."
"ಅದು ಕಂಡೆ. ಎಲ್ಲಿಗೆ ಅಂತ ಕೇಳಿದ್ದು.
ಹಲಗೆಯಲ್ಲಾದರೆ ಒರೆಸಿದ ಮೇಲೂ ಮಸುಕಾಗಿ ಉಳಿದಿರುತ್ತೆ,
ಹುಡುಗ ಅದರ ಮೇಲೇ ಸರಿ ಬರೀತಾನೆ.
ಎಡವಿದ ಜಾಗ ಕಾಣದೆ
ತಿದ್ದೋದು ಹೇಗಮ್ಮ?"

ಇನ್ನೂ ಆರು ಸ್ಲೈಡು ಬಾಕಿ ಇದ್ದವು.
ಒಳ್ಳೆಯ ಪ್ರಶ್ನೆ ಎಂದು ಮುಂದೆ ಹೋದೆ.

ರಾತ್ರಿ, ದೊಲೊನ್ ಘಟ್ಟ ಏರುವ ವ್ಯಾನಿನಲ್ಲಿ
ಟ್ಯಾಬ್ಲೆಟ್ಟು ಎಣಿಸುವಾಗ ಆಕೆಯದು ಇನ್ನೂ ಉರಿಯುತ್ತಿತ್ತು.
ತೊಳೆದಿಟ್ಟ ತಟ್ಟೆಯಂತೆ ಖಾಲಿ.
ಹೊತ್ತಾಯಿತೆಂದು ನಾನು ಕಲಿಸದೇ ಬಿಟ್ಟ
ಬಲಕ್ಕೆ ಬಾಗಿದ ಬಾಣವನ್ನು ಸುಮ್ಮನೆ ಒತ್ತಿದೆ.
ಒಂದು ಙ ಬಂತು.
ಒತ್ತಿದೆ, ಇನ್ನೊಂದು. ಸಾಲಿಡೀ.
ಆಮೇಲೆ ನಡುಗುವ ಅರ್ಧ, ಮೂರನೇ ಒಂದು,
ಐದರಲ್ಲಿ ಎರಡು.
ಅದರ ಸುತ್ತ, ಮಕ್ಕಳ ಪಟ್ಟಿಯಲ್ಲಿ ಹಾಕುವ ಹಾಗೆ,
ಒಂದು ದುಂಡನೆ ಗೆರೆ.

ಎಲ್ಲಿಗೂ ಹೋಗಿರಲಿಲ್ಲ, ಎಜೆ.
ಹೇಳೋಣವೆಂದರೆ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲ.
ಪರದೆ ಆರಿದರೆ ಇದು ಎಲ್ಲ ಮರೆಯುತ್ತದೆ.
ಮಡಿಲಲ್ಲಿಟ್ಟುಕೊಂಡು ನಿಮಿಷಕ್ಕೊಮ್ಮೆ ಮುಟ್ಟುತ್ತಾ ಕೂತೆ.
ಚಳಿಗೆ ನನ್ನ ಬೆರಳೂ ಅದಕ್ಕೆ ಗುರುತು ಹತ್ತದಾಯಿತು;
ನಾಲಿಗೆಗೆ ತಾಗಿಸಿಕೊಂಡೆ.