ಸುಂಕದವನ ಸುಖದುಃಖ

ಕಜುಂಗುಲದ ದಡದಲ್ಲಿ ಇಪ್ಪತ್ತೆರಡು ವರ್ಷ
ಮೊಹರು ಒತ್ತಿದ ಕೈ ಇದು.
ಹೆಬ್ಬೆರಳ ಸಂದಿಯಲ್ಲಿ ಇನ್ನೂ ನೇರಳೆ ಶಾಯಿ.
ಹೆಂಡತಿ ನಗುತ್ತಾಳೆ: 'ಸತ್ತಮೇಲೆ ನಿನ್ನನ್ನು
ಕಾಗದ ಕೇಳದೆ ಒಳಗೆ ಬಿಡುತ್ತಾರೆ ಬಿಡು.'

ಆಗ ಸೇತುವೆ ಇರಲಿಲ್ಲ.
ಜಾಂಬೆಜಿಯ ಮೇಲೊಂದು ಕಬ್ಬಿಣದ ತೆಪ್ಪ,
ಒಂದು ಸಲಕ್ಕೆ ಒಂದೇ ಲಾರಿ.
ಉಳಿದವು ಮೋಪಾನಿ ಮರಗಳ ಕೆಳಗೆ
ಉಂಡ ಹೆಬ್ಬಾವಿನ ಹಾಗೆ ಮೈಲುದ್ದ ಮಲಗಿರುತ್ತಿದ್ದವು,
ಹೊಟ್ಟೆಯೊಳಗೆ ತಾಮ್ರದ ಹಲಗೆ.

ಚಿಸೆಂಗ ಎಂಬ ಡ್ರೈವರು ಹನ್ನೊಂದನೆಯ ದಿನ
ಕಿಟಕಿಗೆ ಬಂದು ಹೇಳಿದ್ದ:
'ಸಾರ್, ಕಿಟ್ವೆಯಲ್ಲಿ ಮಗಳು ಹುಟ್ಟಿದಳಂತೆ,
ಹೆಸರೇನಿಡಲಿ ಎಂದು ಕೇಳುತ್ತಿದ್ದಾರೆ.'
'ಫಾರಂ ಎರಡು ಪ್ರತಿ ಬೇಕು' ಅಂದಿದ್ದೆ ನಾನು.
ಸುಂಕದವನ ಮುಂದೆ ಸುಖದುಃಖ!
ಅದಕ್ಕೆ ಯಾವ ಫಾರಮಿನಲ್ಲೂ ಕಾಲಂ ಇರಲಿಲ್ಲ.

ಆ ಹನ್ನೊಂದು ದಿನ ಎಲ್ಲಿ ಹೋದವು?
ನದಿಗೇನೂ ಬೀಳಲಿಲ್ಲ.
ಟೈರಿನ ಲೆಕ್ಕ ಸೇರಿದವು, ಸಾಲದ ಬಡ್ಡಿ ಸೇರಿದವು,
ಬರುವಾಗ ಸಕ್ಕರೆ ಚೀಲದೊಳಗೆ ನುಸುಳಿ
ಲಿವಿಂಗ್‌ಸ್ಟನ್ನಿನ ಅಂಗಡಿಯಲ್ಲಿ ತಕ್ಕಡಿಗೆ ಕೂತವು.
ನನ್ನ ಮನೆಯ ಚಹಾದಲ್ಲಿ
ನಾನೇ ಕಾಯಿಸಿದ ದಿನಗಳನ್ನು
ನಾನೇ ದುಡ್ಡು ಕೊಟ್ಟು ಕುಡಿದೆ.

ಕಾದವರಿಗೆ ಹಿಟ್ಟಿನುಂಡೆ ಕರಿದು ಮಾರುತ್ತಿದ್ದಳು ನಮಸಿಕು,
ರಾತ್ರಿ ಹುಟ್ಟಿದವಳೆಂದು ಆ ಹೆಸರು.
ಸೇತುವೆ ಆಯಿತು, ಒಪ್ಪಂದದ ಕಾಗದ ಬಂತು,
ಎರಡು ದೇಶದ ಮೊಹರು ಒಂದೇ ಮೇಜಿಗೆ ಇಳಿದವು;
ಲಾರಿಗಳು ಊಟಕ್ಕೂ ನಿಲ್ಲದೆ ಹೋದವು.
ಅವಳ ಬಾಣಲೆ ತಣ್ಣಗಾಯಿತು.
ರಾಜಧಾನಿಯವರು ಬಂದು ಲಾಭದ ನಕ್ಷೆ ತೋರಿಸಿದರು,
ಗೆರೆ ಏರುತ್ತ ಏರುತ್ತ ಹಾಳೆ ದಾಟಿತ್ತು.
ಬಾಣಲೆ ಎಲ್ಲಿದೆ ಅದರಲ್ಲಿ ಎಂದು ನಾನು ಕೇಳಲಿಲ್ಲ.
ಸಂಬಳದವನು.

ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ
ಕಿಟಕಿಯಲ್ಲಿ ಅವಳೇ, ತಲೆಯ ಮೇಲೆ ಒಣಮೀನಿನ ಬುಟ್ಟಿ:
'ಕಸಾನೆಯ ಪೇಟೆಯಲ್ಲಿ ಕೇಳುತ್ತಿದ್ದಾರೆ.
ಸುಂಕವಿಲ್ಲವಂತಲ್ಲ ಈಗ, ಒಂದು ಹಾಳೆ ಸಾಕಂತಲ್ಲ?'
ಸಾಕು. ಹಾಳೆಯಲ್ಲಿ ಒಂದೇ ಕಷ್ಟದ ಪ್ರಶ್ನೆ:
ಸರಕು ಹುಟ್ಟಿದ ದೇಶ ಯಾವುದು?

ಅವಳು ನಕ್ಕ ನಗೆಗೆ ಸಾಲಿಗೆ ಸಾಲೇ ತಿರುಗಿತು.
'ಮೊಟ್ಟೆ ಒಡೆದದ್ದು ನಮೀಬಿಯದ ಜೊಂಡಿನಲ್ಲಿ,
ಮೈ ಬಂದದ್ದು ಚೋಬೆಯ ಕೆಸರು ತಿಂದು,
ಬಲೆಗೆ ಬಿದ್ದದ್ದು ನಮ್ಮ ದಡದಿಂದ ಮೂರು ಮಾರು,
ತಪ್ಪಿಸಿಕೊಂಡ ಅದರ ತಮ್ಮ
ಇಷ್ಟು ಹೊತ್ತಿಗೆ ಜಿಂಬಾಬ್ವೆ ಮುಟ್ಟಿರುತ್ತಾನೆ. ಬರೆದುಕೋ.'
ನದಿಯ ಹೆಸರು ಬರೆದೆ. ಕಂಪ್ಯೂಟರು ಒಪ್ಪಲಿಲ್ಲ.
ಅದರ ಪಟ್ಟಿಯಲ್ಲಿ ದೇಶಗಳಿವೆ, ನೀರಿಲ್ಲ.

ನನ್ನನ್ನು ಕೇಳಿದರೂ ಏನು ಹೇಳಲಿ?
ಅವ್ವ ಆಚೆ ದಡದವಳು.
ಅಪ್ಪ, ಆ ಯುದ್ಧದ ವರ್ಷ,
ತೆಪ್ಪದ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದಾಗ
ಮೂರನೆಯ ದಡದಿಂದ ಗುಂಡು ಬಂತು.
ಗುಂಡು ಬಂದ ಅದೇ ಮರಳಲ್ಲಿ ಈಗ ಯಾರೋ
ಈರುಳ್ಳಿ ಬೆಳೆದು ನಮಗೆ ಮಾರುತ್ತಾರೆ.
ಹೆಚ್ಚುವಾಗ ಕಣ್ಣಲ್ಲಿ ನೀರು; ಈರುಳ್ಳಿಯದೇ ಇರಬೇಕು.
ಗಿರಾಕಿಗೆ ಗುಂಡು ಹೊಡೆಯುವುದು ಕಷ್ಟ,
ಬಾಕಿ ಕೊಡಬೇಕಾದ ಗಿರಾಕಿಗಂತೂ ಇನ್ನೂ ಕಷ್ಟ.
ದಂಡನಾಯಕರ ಮಾತಿನಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆಯಂತೆ.

ಸೇತುವೆಯೂ ನೆಟ್ಟಗಿಲ್ಲ, ನೋಡಿ.
ಜಗಳವಾಡಿದ ನಂಟರ ಮನೆ ಬಳಸಿ ಹೋಗುವ ಹಾಗೆ
ಆ ನೆರೆಯವನ ನೀರು ತುಳಿಯದೆ
ನಡು ಬಳುಕಿಸಿ ನಿಂತಿದೆ.
ಬಳಸಿದರೇನು, ಮುಟ್ಟುತ್ತದೆ.

ಕೊನೆಗೆ 'ಜಾಂಬಿಯ' ಎಂದೇ ಒತ್ತಿದೆ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.
ಮುಂದಿನ ತಿಂಗಳು ನನ್ನ ಕಿಟಕಿಯೂ ಮುಚ್ಚುತ್ತದೆ,
ಮೊಹರಿನ ಕೆಲಸ ಯಂತ್ರಕ್ಕೆ ಕೊಟ್ಟಿದ್ದಾರೆ.
'ನಮಸಿಕು, ಒಂದು ನಿಮಿಷ ಕೂರು,
ಒಂದು ಮಾತು ಹೇಳಬೇಕು' ಅಂದೆ.

ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು:
'ಲಾರಿ ಹೊರಟಿದೆ ಕಣಪ್ಪ.
ಈಗ ಇಲ್ಲಿ ಯಾರೂ ಕಾಯುವುದಿಲ್ಲ.'