ಸೂಜಿ ಮುಟ್ಟದ ದಿನ

ಸಂಕ್ರಮಣದ ಹಿಂದಿನ ದಿನ ಕಸ್ತೂರೆವ್ವ
ಮಷೀನಿಗೆ ಚಾದರ ಹೊಚ್ಚಿದಳು,
ಸೂಜಿಗಳನ್ನೆಲ್ಲ ಉಪ್ಪಿನಕಾಯಿಯ ಖಾಲಿ ಭರಣಿಗೆ ಹಾಕಿ
ಮುಚ್ಚಳ ತಿರುವಿ ಬಿಗಿದಳು.
'ಇವತ್ತ ಯಾರೂ ಸೂಜಿ ಮುಟ್ಟಬ್ಯಾಡ್ರಿ.
ಮುಟ್ಟಿದವರಿಗೆ ಚಾ ಇಲ್ಲ.'

ಬೆಟಗೇರಿಯ ಈ ಓಣಿಯಲ್ಲಿ ಮೂವತ್ತೊಂದು ವರ್ಷ
ಕುಪ್ಪಸ, ಲಂಗ, ಸಾಲಿ ಹುಡುಗರ ಚಡ್ಡಿ
ಹೊಲಿದ ಕೈ ಅದು.
ತೋರುಬೆರಳಿನ ತುದಿ ನೋಡಿದರೆ
ಜರಡಿ.

ನೆಲದ ಮೇಲೆ ನಾವು ನಾಲ್ವರು,
ನಡುವೆ ಒಂದು ಗೋಣಿಚೀಲ ಚಿಂದಿ.
ಬಿಬಿಜಾನ ತಂದದ್ದು ತಳ ಹೋದ ಬುಟ್ಟಿಯ ಅಂಚು,
ಬಿದಿರಿನದೊಂದು ದೊಡ್ಡ ಬಳೆ.
'ಬುಟ್ಟಿ ಸತ್ತರೂ ಬಾಯಿ ಗಟ್ಟಿ, ನಮ್ಮತ್ತಿ ಹಂಗ.'
ವಿಮಲಾಕ್ಷಿ ತಂದದ್ದು ಅಣ್ಣನ ಹೊಲದ್ದು:
ಸೀತನಿ ತಿನ್ನುವ ವಯಸ್ಸು ದಾಟಿದ ಆರು ಜೋಳದ ತೆನೆ,
ಬಾಯಿಬಿಟ್ಟ ಹತ್ತಿಕಾಯಿ,
ಮುಟ್ಟಿದರೆ ಬೈಯುವ ಕುಸುಬಿ ಹೂವು.
ನಾನು ಮಗ್ಗದ ಮನೆಯವಳು.
ಹಾಸು ಮುಗಿದ ಮೇಲೆ ಕತ್ತರಿಸಿ ಒಗೆಯುವ ನೂಲು ತಂದೆ,
ಸೀರೆಯಾಗಲು ಒಂದು ಗೇಣು ಸಾಲದೆ
ಉಳಿದುಹೋದ ಬಣ್ಣಗಳು.

ಕೆಲಸ ಅಂದರೆ ಇಷ್ಟೆ:
ಹಲ್ಲಿನಿಂದ ಒಂದು ಕಚ್ಚು ಕೊಟ್ಟು ಎಳೆದರೆ
ಪರ್ ಅಂತ ನೆಟ್ಟಗೆ ಹರಿಯುತ್ತದೆ ಅರಿವೆ.
ಬಳೆಗೆ ಸುತ್ತು. ಗಂಟು ಹಾಕು.
ಅದಕ್ಕೆ ಒತ್ತಿ ಇನ್ನೊಂದು.

ಬಿಬಿಜಾನಳದು ಆಡು ಕಟ್ಟುವ ಗಂಟು.
ವಿಮಲಾಕ್ಷಿಯದು ಅಂಗನವಾಡಿಯದು,
ರಿಬ್ಬನ್ನಿನ ಹಾಗೆ ಎರಡು ಕಿವಿ.
ನನ್ನದು ನೇಕಾರರ ಗಂಟು: ಇರುತ್ತದೆ, ಕಾಣುವುದಿಲ್ಲ.
ಕಸ್ತೂರೆವ್ವನಿಗೆ ಮಾತ್ರ ಬರಲೇ ಇಲ್ಲ.
'ಗಂಟು ಅಂದ್ರ ನನಗ ದಾರದ ತುದೀದು.
ಒಳಮಗ್ಗಲಿಗೆ ಮುಚ್ಚಿಡೂದು ಗೊತ್ತು,
ಹಿಂಗ ಎದುರಿಗೆ ಇಡೂದು ಗೊತ್ತಿಲ್ಲ ನೋಡು.'

ಆದರೆ ಚಿಂದಿ ಒಂದೊಂದನ್ನೂ ಗುರುತು ಹಿಡಿದಳು.
'ಈ ಗಿಳಿಹಸಿರು ಪತ್ತಾರ ಗಿರಿಮಲ್ಲವ್ವನ ಮೊಮ್ಮಗಳ ತೊಟ್ಟಿಲದ್ದು.
ಇದು ಕಡೀಮನಿ ಮಾಸ್ತರಂದು, ಹೊಲಿಗಿ ರೊಕ್ಕ ಇನ್ನೂ ಬರಬೇಕು,
ಎದ್ದು ಕಾಣೂವಲ್ಲೆ ಕಟ್ರಿ.
ಇದು...'
ನೀಲಿ ತುಂಡೊಂದನ್ನು ಸೆರಗಿನ ಮರೆಗೆ ಇಟ್ಟುಕೊಂಡಳು.
ಯಾರೂ ಕೇಳಲಿಲ್ಲ.
ಚಾ ಬಂತು.

ಸಂಜೆಗೆ ತೋರಣ ಸಿದ್ಧ, ಒಂದು ಕಡೆ ಸೊಟ್ಟ.
ಆಗ ಹೊಳೆಯಿತು: ತೂಗುಹಾಕುವುದೆಲ್ಲಿ?
ಓಣಿಯ ಬಾಗಿಲಿಗೆಲ್ಲ ಚೌಕಟ್ಟುಂಟು, ಮೊಳೆಯುಂಟು,
ಹೋದ ಹಬ್ಬದ ಒಣಗಿದ ಮಾವಿನೆಲೆಯುಂಟು.
ಕಸ್ತೂರೆವ್ವನದು ಶಟರ್.
ಮುಂದೆ ಅಂಗಡಿ, ಪರದೆಯ ಹಿಂದೆ ಒಲೆ, ಹಾಸಿಗೆ;
ಬೆಳಗಾದರೆ ಗರಗರ ಸುರುಳಿ ಸುತ್ತಿಕೊಂಡು
ತಲೆಯ ಮೇಲೆ ಹೋಗಿ ಕೂಡುವ ಬಾಗಿಲು.

ಬಿಬಿಜಾನಳ ಮಗ ಕೆಟ್ಟ ಸ್ಪೀಕರಿನ ಚುಂಬಕ ಹಿಡಿದು ಓಡಿಬಂದ.
ಟಕ್.
ನಿಂತಿತು!
ಆದರೆ ಎಂಥ ತೋರಣ ಇದು,
ಬಾಗಿಲು ಹಾಕಿದ ಮೇಲೆ
ಬರ್ರಿ ಒಳಗ ಅನ್ನುವಂಥದ್ದು?
ನಾವು ಬಿದ್ದುಬಿದ್ದು ನಕ್ಕೆವು. ಅವಳು ನಗಲಿಲ್ಲ.
ದಿನಾ ಒಂಬತ್ತಕ್ಕೆ ಮುಚ್ಚುವವಳು
ಆರೂವರೆಗೇ ಶಟರ್ ಎಳೆದು,
ಹಿಟ್ಟಿನ ಗಿರಣಿಯ ಕಟ್ಟೆಗೆ ಹೋಗಿ ಕುಳಿತು
ನೋಡಿದಳು,
ಬೇರೆ ಯಾರದೋ ಮನೆ ನೋಡಿದ ಹಾಗೆ.

ಬೆಳಗಾಗುವುದರೊಳಗೆ ಗುಬ್ಬಿಗಳು ಮೂರು ತೆನೆ ಮುಗಿಸಿದ್ದವು.
ಕೆಳತುದಿಯಲ್ಲಿ ಒಂದು ನೀಲಿ ಪಟ್ಟಿ,
ನಮ್ಮ ಮೂವರದೂ ಅಲ್ಲದ ಗಂಟು:
ದಪ್ಪ, ಡೊಂಕು, ಓಣಿಗೆ ಮುಖ ಮಾಡಿ.

ಅಳತೆ ಕುಪ್ಪಸ ಹಿಡಿದು ಬಂದವಳೊಬ್ಬಳು
'ಯಾರು ಹೊಲದಾರಬೇ ಇದನ್ನ?' ಅಂದಳು.
ಕಸ್ತೂರೆವ್ವ ಟೇಪು ಕೊರಳಿಗೆ ಹಾಕಿಕೊಳ್ಳುತ್ತ
'ಯಾರೂ ಹೊಲದಿಲ್ಲ' ಅಂದಳು.
ಇನ್ನೊಂದು ಸಲ, ಸ್ವಲ್ಪ ಜೋರಾಗಿ,
'ಯಾರೂ ಹೊಲದಿಲ್ಲ ಇದನ್ನ.'