ಹೊಸದು ಹಿಂದಕ್ಕೆ

ದುಡ್ಡಿದ್ದದ್ದು ಎರಡು ಟೈರಿಗಷ್ಟೇ.
"ಮುಂದೆ ಹಾಕು ಮೊಯ್ದು, ನಾಲ್ಕು ಜನ ನೋಡಲಿ" ಅಂದೆ.
ಸುಂಟಿಕೊಪ್ಪದ ಮೊಯ್ದು ಜಾಕಿ ತಿರುಗಿಸುತ್ತಲೇ,
"ಮುಂದಿನದು ಜಾರಿದರೆ ಕೈಗೆ ಗೊತ್ತಾಗುತ್ತೆ, ಪೊನ್ನಕ್ಕ.
ಹಿಂದಿನದು ಜಾರಿದರೆ, ಗೊತ್ತಾಗುವಾಗ
ಬಂದ ದಾರಿಗೇ ಮುಖ ಮಾಡಿ ನಿಂತಿರ್ತೀರಿ."

ಹೀಗೆ ನನ್ನ ಓಮ್ನಿಗೆ
ಮುಂದೆ ಹಳೇ ಕಂಪನಿಯ ಸವೆದ ಮೀನುಮುಳ್ಳು,
ಹಿಂದೆ ಇನ್ನೊಂದರ ಇಟ್ಟಿಗೆಸಾಲು.

ಮಾದಾಪುರದ ಇಳಿಜಾರು ದಾಟಿ
ಮೊಟ್ಟೆ ಎಣಿಸಲು ಇಳಿದೆ. ಒಂದೂ ಒಡೆದಿಲ್ಲ.
ತಿರುಗಿ ನೋಡಿದರೆ ಕೆಂಪು ಕೆಸರಲ್ಲಿ
ನೇರ ದಾರಿಯುದ್ದಕ್ಕೂ ಬರೀ ಇಟ್ಟಿಗೆ.
ಮೊದಲು ಹೋದದ್ದರ ಮೇಲೆ
ಹಿಂದೆ ಬಂದದ್ದು ಸಹಿ ಹಾಕಿದೆ.

ತಿರುವಿನಲ್ಲಿ ಮಾತ್ರ, ಒಂದು ಗೇಣು ಹೊರಗೆ,
ಯಾರೂ ಅಳಿಸದ ಮೀನುಮುಳ್ಳು.
ಹಲ್ಲು ಸವೆದಿದ್ದರೂ
ಸ್ಟಿಯರಿಂಗ್ ಹೇಳಿದ ಕಡೆಗೆ
ಮೊದಲು ಹೊರಳಿದ್ದು ಅದೇ.